ಯಾರು, ಎಲ್ಲಿ, ಯಾವಾಗ, ಎಷ್ಟು: ಸಂಬಳದ ಸಾಲುಗಳನ್ನು ಜೋಡಿಸಿದ ಟಿಪ್ಪಣಿ

ಒಂದೇ ಓದು, ಒಂದೇ ಅನುಭವ, ಒಂದೇ ಊರು. ಆದರೂ ಈ ಕಂಪನಿಯವಳಿಗೆ ಆ ಕಂಪನಿಯವಳಿಗಿಂತ ಸಂಬಳ ಜಾಸ್ತಿ. ಆ ವ್ಯತ್ಯಾಸದಲ್ಲಿ ನೌಕರಳ ಪಾಲೆಷ್ಟು, ಕಂಪನಿಯ ಪಾಲೆಷ್ಟು? ಜಾನ್ ಅಬೌಡ್, ಫ್ರಾನ್ಸಿಸ್ ಕ್ರಮಾರ್ಝ್, ಡೇವಿಡ್ ಮಾರ್ಗೊಲಿಸ್ 1999ರಲ್ಲಿ ಫ್ರಾನ್ಸಿನ ಸರ್ಕಾರಿ ಸಂಬಳ ದಾಖಲೆಗಳನ್ನು ಹಿಡಿದು ಈ ಪ್ರಶ್ನೆಗೆ ಒಂದು ದಾರಿ ಹಾಕಿಕೊಟ್ಟರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಎಕೆಎಂ ಮಾದರಿ ಅನ್ನುತ್ತಾರೆ. ಸೂತ್ರ ನೋಡಲು ಸರಳ: ಸಂಬಳದ ಲಾಗ್ (ಲಾಗರಿದಮ್) ಅಂದರೆ ನೌಕರರ ಪಾಲು, ಅದಕ್ಕೆ ಕೂಡಿಸಿದ ಕಂಪನಿಯ ಪಾಲು, ಮೇಲೊಂದಿಷ್ಟು ಉಳಿಕೆ. ಒಂದೇ ಕಡೆ ಕೂತು ನಿವೃತ್ತರಾಗುವವರಿಂದ ಈ ಎರಡು ಪಾಲುಗಳನ್ನು ಬೇರೆ ಮಾಡಲು ಆಗುವುದೇ ಇಲ್ಲ. ಕೆಲಸ ಬದಲಿಸಿದವರು ಮಾತ್ರ ಅದನ್ನು ಹೇಳಬಲ್ಲರು, ಅದೇ ವ್ಯಕ್ತಿಯ ಸಂಬಳ ಎರಡು ಕಂಪನಿಗಳಲ್ಲಿ ಸಿಗುವುದು ಅವರಲ್ಲೇ ಅಲ್ಲವೇ.

ಇದನ್ನು ಲ್ಯಾಪ್‌ಟಾಪಿನಲ್ಲಿ ಪೂರ್ತಿ ಕಟ್ಟಿ ನೋಡಬೇಕೆಂದು ಕೂತೆ. ನಿಜವಾದ ಡೇಟಾ ಮನೆಗೆ ಬರುವ ಸರಕಲ್ಲ. ಅಮೆರಿಕದಲ್ಲಿ ಜನಗಣತಿ ಇಲಾಖೆಯ, ನೌಕರರನ್ನೂ ಕಂಪನಿಗಳನ್ನೂ ಜೋಡಿಸಿಟ್ಟ ಎಲ್‌ಇಎಚ್‌ಡಿ ಕಡತಗಳನ್ನು ನೋಡಬೇಕಾದರೆ ಅವರ ಸಂಶೋಧನಾ ಕೇಂದ್ರದ ಒಳಗೇ ಕೂರಬೇಕು, ಆಯಾ ರಾಜ್ಯದ ಒಪ್ಪಿಗೆಯೂ ಬೇಕು. ಗುಟ್ಟು ಕಾಯುತ್ತೇನೆಂದು ಪ್ರಮಾಣ ಮಾಡಿಸಿಕೊಳ್ಳುತ್ತಾರೆ. ಮುರಿದರೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಜರ್ಮನಿಯ ನ್ಯೂರೆಂಬರ್ಗ್‌ನ ಐಎಬಿ ಎಂಬ ಉದ್ಯೋಗ ಸಂಶೋಧನಾ ಸಂಸ್ಥೆ ಹೊರಗಿನವರಿಗೆ ಪರೀಕ್ಷಾ ಕಡತ ಕೊಡುತ್ತದೆ. ಅದರ ಮೇಲೆ ಕೋಡ್ ಬರೆದು ಕಳಿಸಿದರೆ ಅವರು ಒಳಗಿನ ಅಸಲಿ ಕಡತದ ಮೇಲೆ ಓಡಿಸಿ, ಫಲಿತಾಂಶವನ್ನು ಪರಿಶೀಲಿಸಿ ವಾಪಸ್ ಕೊಡುತ್ತಾರೆ. ಎರಡೂ ಕಡೆ ಮಾತು ಒಂದೇ: ಒಳಗೆ ಹೋಗುವ ಮೊದಲು ಕೋಡ್ ಹೊರಗೇ ಹದವಾಗಿರಬೇಕು. ಹಾಗಾಗಿ ಕೃತಕ ಡೇಟಾ ಹುಟ್ಟಿಸಿ, ಅಸಲಿ ಡೇಟಾ ಹೇಗೆ ಕೆಡುತ್ತದೋ ಹಾಗೇ ಕೆಡಿಸಿ, ರಿಪೇರಿ ಮಾಡಿ, ಕೊನೆಗೆ ಲೆಕ್ಕ ಹಾಕುವುದು ಎಂದಾಯಿತು.

ಕಡತದ ಅಚ್ಚು

ಅಚ್ಚಿಗೆ ಅಮೆರಿಕದ ನಿರುದ್ಯೋಗ ವಿಮೆಯ ಸಂಬಳ ದಾಖಲೆಗಳನ್ನೇ ಇಟ್ಟುಕೊಂಡೆ. ಅಲ್ಲಿ ಪ್ರತಿ ಕಂಪನಿಯೂ ಮೂರು ತಿಂಗಳಿಗೊಮ್ಮೆ ರಾಜ್ಯಕ್ಕೆ ಒಂದು ಪಟ್ಟಿ ಕಳಿಸುತ್ತದೆ: ಯಾರಿಗೆ, ಆ ಮೂರು ತಿಂಗಳಲ್ಲಿ, ಒಟ್ಟು ಎಷ್ಟು ಕೊಟ್ಟೆವು. ಜನಗಣತಿ ಇಲಾಖೆಗೆ ಬಂದ ಮೇಲೆ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯ ಜಾಗಕ್ಕೆ ಪಿಕ್ ಎಂಬ ಮರೆಮಾಚಿದ ಗುರುತು ಬರುತ್ತದೆ. ಕಂಪನಿಗೆ ರಾಜ್ಯ ಕೊಟ್ಟ ಸಂಖ್ಯೆ ಇರುತ್ತದೆ. ಅಷ್ಟೇ. ಕೆಲಸಕ್ಕೆ ಸೇರಿದ ದಿನ ಇಲ್ಲ, ಹೆಚ್ಚಿನ ರಾಜ್ಯಗಳಲ್ಲಿ ಹುದ್ದೆಯೂ ಇಲ್ಲ. ವಾಷಿಂಗ್ಟನ್‌ನಂಥ ಕೆಲವೇ ರಾಜ್ಯಗಳನ್ನು ಬಿಟ್ಟರೆ ದುಡಿದ ಗಂಟೆಗಳ ಲೆಕ್ಕವೂ ಇಲ್ಲ. ಹತ್ತು ಅಂಗಡಿ ಇರುವ ಕಂಪನಿಯಲ್ಲಿ ಈ ನೌಕರ ಯಾವ ಅಂಗಡಿಯವನು ಎಂಬುದನ್ನು ಸಂಬಳದ ಸಾಲಿನಲ್ಲೇ ಬರೆಯುವ ರಾಜ್ಯ ಮಿನೆಸೋಟ ಒಂದೇ. ಉಳಿದ ರಾಜ್ಯಗಳಿಗೆ ಅಲ್ಲಿನ ನಡಾವಳಿ ನೋಡಿ ಅಂದಾಜು ಹಾಕಿ ತುಂಬುತ್ತಾರೆ.

ಪೈಥಾನ್‌ನಲ್ಲಿ 40,000 ನೌಕರರು, 2,000 ಕಂಪನಿಗಳು, 24 ತ್ರೈಮಾಸಿಕಗಳನ್ನು ಹುಟ್ಟಿಸಿದೆ. ಸುಮಾರು 10 ಲಕ್ಷ ಸಾಲು. ಲಾಗ್ ಅಳತೆಯಲ್ಲಿ ನೌಕರರ ಪಾಲಿನ ಪ್ರಮಾಣ ವಿಚಲನೆ (ಸರಾಸರಿಯ ಸುತ್ತ ಎಷ್ಟು ಹರಡಿದೆ ಎಂಬ ಅಳತೆ) 0.35, ಕಂಪನಿ ಪಾಲಿನದು 0.20. ಕಂಪನಿಗಳ ಗಾತ್ರ ಸಮನಾಗಿ ಹಂಚಲಿಲ್ಲ. ಬೆರಳೆಣಿಕೆಯ ದೊಡ್ಡವು, ಬಾಕಿಯೆಲ್ಲ ಐದಾರು ಜನರ ಸಣ್ಣವು, ಲೋಕದಲ್ಲಿ ಇರುವ ಹಾಗೆ. ಕೆಲಸ ಬದಲಿಸುವ ಸಾಧ್ಯತೆ ತ್ರೈಮಾಸಿಕಕ್ಕೆ 1%. ಇದು ಅಮೆರಿಕದ ವಾಸ್ತವಕ್ಕಿಂತ ಕಡಿಮೆ, ಬೇಕೆಂದೇ ಇಳಿಸಿದ್ದು. ಬದಲಿಸುವವರು ವಿರಳವಾದಾಗ ಯಂತ್ರ ಹೇಗೆ ಕೆಮ್ಮುತ್ತದೆ ಎಂದು ನೋಡುವುದೇ ನನ್ನ ಗುರಿಯಾಗಿತ್ತು. ಮುಖ್ಯವಾದ ಇನ್ನೊಂದು: ಜಾಣ ನೌಕರರು ಧಾರಾಳಿ ಕಂಪನಿಗಳಲ್ಲೇ ಸೇರಿಕೊಳ್ಳುತ್ತಾರೆ ಎಂಬ ನಂಟನ್ನು ಪೂರ್ತಿ ಸೊನ್ನೆಗೆ ಇಟ್ಟೆ. ಯಾರು ಎಲ್ಲಿ ಸೇರುತ್ತಾರೆ ಎಂಬುದು ಚೀಟಿ ಎತ್ತಿದಂತೆ. ಕೊನೆಯಲ್ಲಿ ಸೊನ್ನೆಯೇ ಹೊರಬರಬೇಕು.

ಉಳಿಕೆಯನ್ನು ಎರಡು ತುಂಡು ಮಾಡಿದೆ. ಒಂದು ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಏರಿಳಿಯುವ 0.10. ಇನ್ನೊಂದು ಈ ನೌಕರ, ಈ ಕಂಪನಿ ಎಂಬ ಜೋಡಿಗೇ ಅಂಟಿಕೊಂಡ 0.10. ಮೇಲಧಿಕಾರಿಯ ಜೊತೆ ಹೊಂದಿಕೆಯಾಯಿತೋ ಇಲ್ಲವೋ, ಸೇರುವಾಗ ಚೌಕಾಸಿ ಚೆನ್ನಾಗಿ ನಡೆಯಿತೋ ಇಲ್ಲವೋ, ಅಂಥದ್ದು. ಅಲ್ಲಿರುವಷ್ಟು ಕಾಲವೂ ಅದು ಬದಲಾಗುವುದಿಲ್ಲ. ಈ ಎರಡನೆಯ ತುಂಡು ಮುಂದೆ ಬಹಳ ಕಾಟ ಕೊಡುತ್ತದೆ.

ಅರ್ಧ ತ್ರೈಮಾಸಿಕಗಳು

ಮೊದಲ ರಿಪೇರಿ ಕ್ಯಾಲೆಂಡರಿನದ್ದು. ನನ್ನ ಕಡತದ ಒಬ್ಬಳನ್ನು ತೆಗೆದುಕೊಳ್ಳಿ. ಮೊದಲ ಎರಡು ತ್ರೈಮಾಸಿಕ 'ಅ' ಕಂಪನಿಯಿಂದ 9,000, 9,000. ಮೂರನೆಯದರಲ್ಲಿ 'ಅ' ಇಂದ 3,000, 'ಬ' ಇಂದ 7,000. ನಾಲ್ಕರಲ್ಲಿ 'ಬ' ಇಂದ 10,500. ಒಂದು ತಿಂಗಳಾದ ಮೇಲೆ ಕೆಲಸ ಬದಲಿಸಿದ್ದಾಳೆ ಎಂದು ನಮಗೆ ನೋಡಿದೊಡನೆ ಗೊತ್ತಾಗುತ್ತದೆ. ಲೆಕ್ಕದ ಕೋಡಿಗೆ ಗೊತ್ತಾಗುವುದಿಲ್ಲ. ಅದರ ಕಣ್ಣಿಗೆ 9,000 ಇದ್ದ ಸಂಬಳ 3,000ಕ್ಕೆ ಕುಸಿದಿದೆ. ಲಾಗ್‌ನಲ್ಲಿ 1.10 ಇಳಿಕೆ, ಅಂದರೆ ನಾನು ಹಾಕಿದ ಕಂಪನಿ ಪಾಲಿನ ವಿಚಲನೆಯ ಐದು ಪಟ್ಟಿಗಿಂತ ಹೆಚ್ಚು.

ಎಲ್‌ಇಎಚ್‌ಡಿಯವರು ಇದಕ್ಕೆ ಪೂರ್ಣ ತ್ರೈಮಾಸಿಕದ ನಿಯಮ ಬಳಸುತ್ತಾರೆ. ಹಿಂದಿನ, ಈಗಿನ, ಮುಂದಿನ ಮೂರೂ ತ್ರೈಮಾಸಿಕಗಳಲ್ಲಿ ಅದೇ ಕಂಪನಿಯಿಂದ ಸಂಬಳ ಬಂದಿದ್ದರೆ ಮಾತ್ರ ನಡುವಿನದನ್ನು ಲೆಕ್ಕಕ್ಕೆ ಹಿಡಿ. ಅವಳ ಸಾಲುಗಳಲ್ಲಿ 'ಅ' ಕಂಪನಿಯ ಎರಡನೆಯದು ಉಳಿಯುತ್ತದೆ, ಮೂರನೆಯದು ಎರಡೂ ಕಡೆ ಬಿದ್ದುಹೋಗುತ್ತದೆ. ನಾಲ್ಕನೆಯದು ಉಳಿಯಬೇಕಾದರೆ ಐದರಲ್ಲೂ ಅವಳು 'ಬ'ದಲ್ಲೇ ಇರಬೇಕು. ಪೈಥಾನಿನ ಡೇಟಾ ಲೈಬ್ರರಿ ಪಾಂಡಾಸ್‌ನಲ್ಲಿ ಇದು ನೌಕರ–ಕಂಪನಿ ಜೋಡಿಯಾಗಿ ಗುಂಪು ಮಾಡಿ, ತ್ರೈಮಾಸಿಕದ ಕಾಲಂ ಅನ್ನು ಒಂದು ಹಿಂದಕ್ಕೆ, ಒಂದು ಮುಂದಕ್ಕೆ ಸರಿಸಿ ಹೋಲಿಸುವ ನಾಲ್ಕು ಸಾಲಿನ ಕೆಲಸ. ಒಂದೇ ತ್ರೈಮಾಸಿಕದಲ್ಲಿ ಎರಡು ಕಡೆ ಪೂರ್ಣವಾಗಿ ಇದ್ದವರಿಗೆ ಹೆಚ್ಚು ಸಂಬಳ ಕೊಟ್ಟ ಕಂಪನಿಯನ್ನೇ ಮುಖ್ಯ ಎಂದು ಇಟ್ಟುಕೊಂಡೆ.

ನಿಯಮ ಚೆನ್ನಾಗಿದೆ, ಬೆಲೆಯೂ ಇದೆ. ಮೂರು ತ್ರೈಮಾಸಿಕಗಳನ್ನು ಮುಟ್ಟದ ಯಾವ ಕೆಲಸವೂ ಕಡತದಲ್ಲಿ ಉಳಿಯುವುದಿಲ್ಲ. ಹಣ್ಣು ಕೀಳುವವರು, ಕಟ್ಟಡದ ಕೆಲಸದವರು, ಹೋಟೆಲಿನಲ್ಲಿ ಎರಡು ತಿಂಗಳು ನಿಂತು ಹೋದವರು ಎಲ್ಲರೂ ಜರಡಿಯಲ್ಲಿ ಇಳಿದುಹೋಗುತ್ತಾರೆ. ಕಂಪನಿಗಳ ನಡುವಿನ ಅಸಮಾನತೆ ಅಳೆಯುತ್ತೇವೆ ಎನ್ನುವ ಲೇಖನಗಳಲ್ಲಿ ಈ ವಿಷಯ ಅಡಿಟಿಪ್ಪಣಿಗೆ ಹೋಗುತ್ತದೆ. ಮೇಲಿನ ಪ್ಯಾರಾಕ್ಕೆ ಬರಬೇಕಾದ್ದು ಎಂದು ನನ್ನ ಅನಿಸಿಕೆ.

ಗುರುತುಗಳ ರಿಪೇರಿ

ಇದೇ ಅಸಲಿ ಕೆಲಸ. ಕೃತಕ ಕಡತದಲ್ಲಿ ಎರಡು ಬಗೆಯ ಗಾಯ ಮಾಡಿದೆ.

ಒಂದು, ನೌಕರರ ಗುರುತಿನಲ್ಲಿ ಟೈಪಿಂಗ್ ತಪ್ಪು. ಸಾಲುಗಳ ನೂರಕ್ಕೆ ಒಂದರಲ್ಲಿ ಅಕ್ಕಪಕ್ಕದ ಎರಡು ಅಂಕಿ ಅದಲು ಬದಲು. ಅಬೌಡ್ ಮತ್ತು ಲಾರ್ಸ್ ವಿಲ್‌ಹುಬರ್ 2005ರಲ್ಲಿ ಕ್ಯಾಲಿಫೋರ್ನಿಯಾದ ದಾಖಲೆಗಳಲ್ಲಿ ಹುಡುಕಿದ್ದು ಇಂಥದ್ದನ್ನೇ. ಇದರ ಹಾನಿ ಮೇಲ್ನೋಟಕ್ಕೆ ಕಾಣುವುದಿಲ್ಲ. ಒಂದು ಸಾಲಿನಲ್ಲಿ ಅಂಕಿ ತಪ್ಪಿದರೆ ಆ ವ್ಯಕ್ತಿಯ ಚರಿತ್ರೆಯಲ್ಲಿ ಒಂದು ತ್ರೈಮಾಸಿಕ ಖಾಲಿ, ಬೇರೆಲ್ಲೋ ಒಂದೇ ತ್ರೈಮಾಸಿಕ ದುಡಿದು ಮಾಯವಾದ ಅನಾಥನೊಬ್ಬ. ಪೂರ್ಣ ತ್ರೈಮಾಸಿಕದ ನಿಯಮ ಅದರ ಮೇಲೆ ಓಡಿದಾಗ ಖಾಲಿಯಾದದ್ದು ಮಾತ್ರವಲ್ಲ, ಅದರ ಹಿಂದಿನದೂ ಮುಂದಿನದೂ ಬೀಳುತ್ತವೆ. ಒಂದು ತಪ್ಪಿಗೆ ಮೂರು ತ್ರೈಮಾಸಿಕ. ಜೊತೆಗೆ ಕೆಲಸ ಬಿಟ್ಟದ್ದು, ಸೇರಿದ್ದು ಎಂಬ ಸುಳ್ಳು ಎಣಿಕೆಗಳು.

ಹೊಲಿಗೆ ಹೀಗೆ: ಒಂದೇ ಕಂಪನಿಯಲ್ಲಿ ಒಂದೇ ತ್ರೈಮಾಸಿಕದ ಖಾಲಿ ಜಾಗ ಇರುವವರ ಪಟ್ಟಿ, ಅದೇ ಕಂಪನಿಯಲ್ಲಿ ಅದೇ ತ್ರೈಮಾಸಿಕದಲ್ಲಿ ಮಾತ್ರ ಕಾಣಿಸುವ ಅನಾಥರ ಪಟ್ಟಿ. ಎರಡನ್ನೂ ಜೋಡಿಸು. ಗುರುತುಗಳು ಅಕ್ಕಪಕ್ಕದ ಅಂಕಿ ಅದಲಿನಷ್ಟೇ ಬೇರೆಯಾಗಿದ್ದು, ಅನಾಥನ ಸಂಬಳ ಖಾಲಿ ಜಾಗದ ಎರಡು ಬದಿಯ ಸರಾಸರಿಗೆ 40% ಒಳಗಿದ್ದರೆ ಸೇರಿಸು. ಸಂಬಳದ ಷರತ್ತನ್ನು ಇನ್ನೂ ಬಿಗಿ ಮಾಡಿದರೆ ಏರಿಳಿತವೇ ನಿಜವಾದ ಜೋಡಿಗಳನ್ನು ತಳ್ಳಿಬಿಡುತ್ತದೆ. ಅಂಕಿಯ ಷರತ್ತು ಅಷ್ಟು ಬಿಗಿಯಾಗಿರುವಾಗ ಸಂಬಳದ್ದು ಸಡಿಲವಾಗಿದ್ದರೂ ನಡೆಯುತ್ತದೆ.

ಎರಡನೆಯ ಗಾಯ ಕಂಪನಿಯ ಗುರುತಿನದ್ದು, ಇದು ದೊಡ್ಡದು. ಮಾಲೀಕ ಬದಲಾದ, ಪಾಲುದಾರಿಕೆ ಇದ್ದದ್ದು ಲಿಮಿಟೆಡ್ ಆಯಿತು, ಎರಡು ಕಂಪನಿ ಒಂದಾದವು: ನೋಂದಣಿ ಸಂಖ್ಯೆ ಬದಲಾಗುತ್ತದೆ. ಒಳಗೆ ಅದೇ ಮೇಜು, ಅದೇ ಜನ, ಅದೇ ಸಂಬಳ. ಕಡತದಲ್ಲಿ ಮಾತ್ರ ಅರವತ್ತು ಜನರನ್ನು ಒಂದೇ ದಿನ ಮನೆಗೆ ಕಳಿಸಿ, ಮರುದಿನ ಇನ್ನೊಬ್ಬರು ಅರವತ್ತನ್ನೂ ಸೇರಿಸಿಕೊಂಡಂತೆ ಕಾಣುತ್ತದೆ. ಸಾಮೂಹಿಕ ವಜಾದ ಅಧ್ಯಯನಗಳಿಗೆ ಇದು ವಿಷ. ಜೇಕಬ್‌ಸನ್, ಲಲಾಂಡ್, ಸಲಿವನ್ ಮೂವರು 1993ರಲ್ಲಿ ಪೆನ್ಸಿಲ್ವೇನಿಯಾದ ದಾಖಲೆಗಳಿಂದ ತೋರಿಸಿದ್ದು, ಬಹುಕಾಲ ದುಡಿದು ಕೆಲಸ ಕಳೆದುಕೊಂಡವರ ಗಳಿಕೆ ವರ್ಷಗಳ ನಂತರವೂ ಸುಮಾರು 25% ಕೆಳಗೇ ಉಳಿಯುತ್ತದೆ ಎಂದು. ಆ ಪಟ್ಟಿಗೆ ಬರೀ ಸಂಖ್ಯೆ ಬದಲಾದ ಕಂಪನಿಗಳವರು ಸೇರಿದರೆ, ಏನೂ ಕಳೆದುಕೊಳ್ಳದವರನ್ನು ಸೇರಿಸಿ ಸರಾಸರಿ ತೆಗೆದಂತೆ. ನಷ್ಟ ಸಣ್ಣದಾಗಿ ಕಾಣುತ್ತದೆ.

ನನ್ನ ಕಡತದಲ್ಲಿ 3% ಕಂಪನಿಗಳ, ಅಂದರೆ 60 ಕಂಪನಿಗಳ ಸಂಖ್ಯೆ ನಡುವೆ ಬದಲಾಯಿಸಿದೆ. ಸರಾಸರಿ 20 ಜನದಂತೆ ಸುಮಾರು 1,200 ಸುಳ್ಳು ಕೆಲಸ ಬದಲಾವಣೆ. ನಿಜವಾದವು ತ್ರೈಮಾಸಿಕಕ್ಕೆ 400ರಂತೆ 23 ದಾಟುವಿಕೆಗೆ ಸುಮಾರು 9,200. ಅಂದರೆ ಕಾಣುವ ಬದಲಾವಣೆಗಳಲ್ಲಿ ನೂರಕ್ಕೆ ಹನ್ನೊಂದಕ್ಕೂ ಮೇಲೆ ಸುಳ್ಳು. ಇಲ್ಲೊಂದು ನಯವಂಚನೆ ಇದೆ. ಕಂಪನಿಯೊಂದಕ್ಕೆ ಎಷ್ಟು ಜನ ಬಂದು ಹೋಗಿದ್ದಾರೆ ಎಂಬುದೇ ಎಕೆಎಂ ಲೆಕ್ಕ ನಂಬಬಹುದೇ ಎಂದು ನೋಡುವ ಮೊದಲ ಸೂಚಕ. ಸುಳ್ಳು ಬದಲಾವಣೆಗಳು ಆ ಸೂಚಕವನ್ನೇ ಉಬ್ಬಿಸುತ್ತವೆ. ರೋಗ ಇರುವ ಕಡತವೇ ಹೆಚ್ಚು ಆರೋಗ್ಯವಾಗಿ ಕಾಣುತ್ತದೆ.

ಹಿಡಿಯುವ ಉಪಾಯ ಜನರ ಹರಿವನ್ನೇ ನೋಡುವುದು. ಎಲ್‌ಇಎಚ್‌ಡಿಯಲ್ಲಿ 80% ಗೆರೆ ಬಳಸುತ್ತಾರೆ: ಹಳೆಯ ಸಂಖ್ಯೆಯವರಲ್ಲಿ ಅಷ್ಟು ಪಾಲು ಒಟ್ಟಿಗೆ ಒಂದೇ ಹೊಸ ಸಂಖ್ಯೆಗೆ ಹೋದರೆ ಅನುಮಾನಿಸು. ಹಳೆಯದು, ಹೊಸದು, ತ್ರೈಮಾಸಿಕ ಈ ಮೂರರ ಮೇಲೆ ಗುಂಪು ಮಾಡಿ ಹೋದವರನ್ನು ಎಣಿಸಿದೆ. ಅದನ್ನು ಹಳೆಯದರ ಒಟ್ಟು ಜನರಿಂದ ಒಮ್ಮೆ, ಹೊಸದರ ಒಟ್ಟು ಜನರಿಂದ ಒಮ್ಮೆ ಭಾಗಿಸಿದೆ. ಎರಡೂ 80% ದಾಟಿದರೆ ಅದೇ ಕಂಪನಿ, ಹೊಸ ಹೆಸರು, ಒಂದೇ ಗುರುತು ಕೊಡು. ಹಳೆಯವರಲ್ಲಿ ಬಹುಪಾಲು ಹೋಗಿದ್ದಾರೆ ಆದರೆ ಹೊಸ ಕಡೆ ಅವರು ಸಣ್ಣ ಗುಂಪು ಎಂದಾದರೆ ದೊಡ್ಡದು ಚಿಕ್ಕದನ್ನು ನುಂಗಿದೆ. ಐದು ಜನಕ್ಕಿಂತ ಕಡಿಮೆ ಒಟ್ಟಿಗೆ ಹೋದಲ್ಲಿ ಕೈ ಹಾಕಲಿಲ್ಲ, ಮೂರು ಜನರ ಅಂಗಡಿಯಲ್ಲಿ 80% ಎಂಬ ಮಾತಿಗೆ ಅರ್ಥವಿಲ್ಲ. ಸಂಖ್ಯೆ ತ್ರೈಮಾಸಿಕದ ನಡುವೆ ಬದಲಾದರೆ ಹಳೆಯ, ಹೊಸ ಎರಡು ಸಂಖ್ಯೆಗಳೂ ಅದೇ ತ್ರೈಮಾಸಿಕದಲ್ಲಿ ಕಾಣುತ್ತವೆ, ಆದ್ದರಿಂದ ಹಳೆಯದರಲ್ಲಿ ಕೊನೆಯ ಬಾರಿ, ಹೊಸದರಲ್ಲಿ ಮೊದಲ ಬಾರಿ ಎಂದು ಹಿಡಿಯಬೇಕು. ಈ ರಿಪೇರಿ ಪೂರ್ಣ ತ್ರೈಮಾಸಿಕದ ನಿಯಮಕ್ಕಿಂತ ಮೊದಲೇ ಆಗಬೇಕು, ಇಲ್ಲದಿದ್ದರೆ ಇಡೀ ಕಂಪನಿಯ ಸಾಲುಗಳು ದಾಟುವ ಜಾಗದಲ್ಲಿ ಉದುರಿಹೋಗುತ್ತವೆ.

ಇನ್ನೊಂದು ಬಗೆ ಉಳಿಯುತ್ತದೆ: ಹೊಸ ಸಂಖ್ಯೆಯಲ್ಲಿ ಇರುವವರೆಲ್ಲ ಒಂದೇ ಹಳೆಯ ಕಂಪನಿಯಿಂದ ಬಂದವರು, ಆದರೆ ಹಳೆಯ ಕಂಪನಿ ಇನ್ನೂ ಗಟ್ಟಿಯಾಗಿ ನಿಂತಿದೆ. ಸುಮ್ಮನೆ ಸೇರಿಸಿಬಿಡೋಣ ಎನಿಸುತ್ತದೆ, ಸೇರಿಸಬಾರದು. ಡೆಬೊರಾ ಗೋಲ್ಡ್‌ಶ್ಮಿಟ್ ಮತ್ತು ಯೋಹಾನೆಸ್ ಶ್ಮೀಡರ್ 2017ರಲ್ಲಿ ಜರ್ಮನಿಯ ದಾಖಲೆಗಳಲ್ಲಿ ಹುಡುಕಿದ್ದು ಈ ಗುಂಪನ್ನೇ. ಕಸ ಗುಡಿಸುವವರು, ಕಾವಲುಗಾರರು, ಕ್ಯಾಂಟೀನಿನವರು, ಸಾಗಣೆಯವರು, ಒಂದು ದಿನ ಒಟ್ಟಿಗೆ ಹೊರಗುತ್ತಿಗೆ ಕಂಪನಿಯ ಲೆಕ್ಕಕ್ಕೆ ಹೋಗುತ್ತಾರೆ. ಅವರ ಸಂಬಳ ಹೊರಗೆ ಹೋಗದ ಅಂಥದೇ ನೌಕರರಿಗಿಂತ 10ರಿಂದ 15% ಕೆಳಗಿಳಿಯಿತು. ನಾನು ಗಾಯವೆಂದು ಹೊಲಿಯಲು ಹೊರಟದ್ದು ಅಲ್ಲಿ ಶೋಧನೆಯೇ ಆಗಿತ್ತು. ಈ ಬಗೆಗೆ ಪ್ರತ್ಯೇಕ ಗುರುತು ಹಾಕಿ ಬಿಟ್ಟೆ.

ಲೆಕ್ಕ

ಇದು ಬೇಗ ಮುಗಿಯಿತು. ಯಾವ ಕಂಪನಿಯಿಂದ ಯಾವುದಕ್ಕೆ ಜನ ಹೋಗಿದ್ದಾರೆ ಎಂಬ ಜಾಲ ಕಟ್ಟಿ, ಪೈಥಾನಿನ ಸೈಪೈ ಲೈಬ್ರರಿಯಲ್ಲಿ ಅತಿ ದೊಡ್ಡ ಕೂಡಿದ ಗುಂಪನ್ನು ತೆಗೆದುಕೊಂಡೆ. ಜಾಲಕ್ಕೆ ಸಿಗದ ಕಂಪನಿಯ ಪಾಲನ್ನು ಉಳಿದವುಗಳ ಜೊತೆ ಹೋಲಿಸಲು ಸಾಧ್ಯವೇ ಇಲ್ಲ. ಆಮೇಲೆ ಸುಮಾರು 42,000 ಅಜ್ಞಾತಗಳ ಸಮೀಕರಣ. ಮ್ಯಾಟ್ರಿಕ್ಸ್‌ನ ವಿಲೋಮ ತೆಗೆಯಲು ಹೋಗಬಾರದು. ಹೆಚ್ಚಿನ ಮನೆಗಳು ಸೊನ್ನೆ, ಆದ್ದರಿಂದ ವಿರಳ ರೂಪದಲ್ಲಿ ಇಟ್ಟು ಕಾಂಜುಗೇಟ್ ಗ್ರೇಡಿಯಂಟ್ (ಹಂತ ಹಂತವಾಗಿ ಉತ್ತರಕ್ಕೆ ಹತ್ತಿರವಾಗುವ ವಿಧಾನ) ಓಡಿಸಿದರೆ ಸಾಧಾರಣ ಲ್ಯಾಪ್‌ಟಾಪ್ ಸಾಕು.

ಬಂದ ಉತ್ತರ: ಕಂಪನಿ ಪಾಲಿನ ವಿಚಲನೆ ನಾನು ಹಾಕಿದ್ದಕ್ಕಿಂತ ದೊಡ್ಡದು, ಸೊನ್ನೆ ಇಟ್ಟಿದ್ದ ನಂಟು ಋಣವಾಗಿ ಹೊರಬಂತು. ಜಾಣರೆಲ್ಲ ಜಿಪುಣ ಕಂಪನಿಗಳಿಗೆ ಹೋಗುತ್ತಾರೆ ಎಂದ ಹಾಗೆ! ಕಾರಣ ಕೈಯಲ್ಲೇ ಲೆಕ್ಕ ಹಾಕಬಹುದು. ಎರಡು ಕಂಪನಿಗಳ ನಡುವೆ ಒಬ್ಬನೇ ಬದಲಾಯಿಸಿದ್ದರೆ, ಜೋಡಿಗೆ ಅಂಟಿದ 0.10 ಎರಡೂ ಕಡೆಯಿಂದ ಸೇರಿ ವ್ಯತ್ಯಾಸದಲ್ಲಿ 0.14 ಗದ್ದಲ, ಅಂದರೆ ಅಳತೆಯ ತಪ್ಪು. ಅವನು ಎಷ್ಟು ತ್ರೈಮಾಸಿಕ ಕೂತರೂ ಅದು ಕರಗುವುದಿಲ್ಲ. ನಿಜವಾದ ಎರಡು ಕಂಪನಿಗಳ ವ್ಯತ್ಯಾಸವೇ ಸಾಮಾನ್ಯವಾಗಿ 0.28, ಅದರ ಅರ್ಧದಷ್ಟು ಗದ್ದಲ. ಹತ್ತು ಜನ ಬದಲಿಸಿದ್ದರೆ 0.045ಕ್ಕೆ, ನೂರು ಜನ ಬದಲಿಸಿದ್ದರೆ 0.014ಕ್ಕೆ ಇಳಿಯುತ್ತದೆ. ಐದಾರು ಜನರ ಕಂಪನಿಗಳಿಗೆ ಹತ್ತು ಜನ ಎಲ್ಲಿಂದ ಬರಬೇಕು? ಇನ್ನು ಕಂಪನಿಯ ಪಾಲನ್ನು ತಪ್ಪಾಗಿ ಹೆಚ್ಚು ಅಳೆದರೆ, ಅದೇ ಸಂಬಳದಲ್ಲಿ ನೌಕರರ ಪಾಲು ಅಷ್ಟೇ ಕಡಿಮೆಯಾಗಲೇಬೇಕು, ತಕ್ಕಡಿಯ ಎರಡು ತಟ್ಟೆಗಳ ಹಾಗೆ. ಋಣ ನಂಟು ಹುಟ್ಟುವುದು ಅಲ್ಲಿಂದ. ಆಂಡ್ರ್ಯೂಸ್, ಗಿಲ್, ಶಾಂಕ್, ಅಪ್‌ವರ್ಡ್ 2008ರಲ್ಲಿ ಈ ಪಕ್ಷಪಾತವನ್ನು ಬಿಡಿಸಿ ತೋರಿಸುವ ಮೊದಲು, ಋಣ ನಂಟನ್ನು ಆರ್ಥಿಕತೆಯ ಗುಣವೆಂದೇ ವಿವರಿಸಲು ಹೊರಟವರಿದ್ದರು.

ತಿದ್ದಲು ಪ್ಯಾಟ್ರಿಕ್ ಕ್ಲೈನ್, ರಫಾಯೆಲೆ ಸಾಜ್ಜೊ, ಮಿಕೆಲ್ ಸೋಲ್ವ್‌ಸ್ಟೆನ್ 2020ರಲ್ಲಿ ಇಟಲಿಯ ವೆನೆಟೊ ಪ್ರಾಂತ್ಯದ ದಾಖಲೆಗಳ ಮೇಲೆ ತೋರಿಸಿದ ವಿಧಾನ ಹಿಡಿದೆ. ಒಂದೊಂದು ಅವಲೋಕನವನ್ನೂ ಹೊರಗಿಟ್ಟು ಉಳಿಕೆಯ ಗಾತ್ರ ಅಂದಾಜಿಸಿ, ಆ ಗದ್ದಲವನ್ನು ವಿಚಲನೆಯ ವರ್ಗದಿಂದ ಕಳೆಯುವುದು. ಇಲ್ಲಿ ಹೊರಗಿಡಬೇಕಾದ್ದು ಒಂದು ತ್ರೈಮಾಸಿಕವಲ್ಲ, ಇಡೀ ನೌಕರ–ಕಂಪನಿ ಜೋಡಿ. ತ್ರೈಮಾಸಿಕವನ್ನಷ್ಟೇ ಹೊರಗಿಟ್ಟರೆ ಜೋಡಿಗೆ ಅಂಟಿದ ತುಂಡು ಪಕ್ಕದ ಸಾಲಿನಿಂದ ಮತ್ತೆ ಒಳಗೆ ನುಸುಳುತ್ತದೆ. ಎರಡನ್ನೂ ಓಡಿಸಿ ನೋಡಿದೆ. ತ್ರೈಮಾಸಿಕ ತೆಗೆದ ಆವೃತ್ತಿಯಲ್ಲಿ ನಂಟು ಋಣದಲ್ಲೇ ಉಳಿಯಿತು, ಜೋಡಿ ತೆಗೆದದ್ದರಲ್ಲಿ ಸೊನ್ನೆಯ ಸುತ್ತ ಬಂದು ಕೂತಿತು. ಒಬ್ಬನನ್ನು ತೆಗೆದರೆ ಜಾಲವೇ ಎರಡಾಗುವಂಥ ಸೇತುವೆ ನೌಕರರನ್ನು ಮೊದಲೇ ಬಿಡಬೇಕು, ಅವರ ಜೊತೆ ಸಣ್ಣ ಕಂಪನಿಗಳ ಒಂದು ರಾಶಿಯೂ ಹೋಗುತ್ತದೆ. ಅಲ್ಲಿಗೆ ಉತ್ತರ ಯಾರ ಬಗ್ಗೆ ಎಂಬುದೂ ಸ್ವಲ್ಪ ಬದಲಾಗುತ್ತದೆ.

ಕಾರ್ಡ್, ಹೈನಿಂಗ್, ಕ್ಲೈನ್ 2013ರಲ್ಲಿ ಪಶ್ಚಿಮ ಜರ್ಮನಿಗೆ ಮಾಡಿದ ಪರೀಕ್ಷೆಯನ್ನೂ ಸೇರಿಸಿದೆ: ಸಹೋದ್ಯೋಗಿಗಳ ಸಂಬಳದ ಮೇಲೆ ಕಂಪನಿಗಳನ್ನು ನಾಲ್ಕು ಭಾಗ ಮಾಡಿ, ಕೆಳಗಿನಿಂದ ಮೇಲಕ್ಕೆ ಹೋದವರ ಲಾಭ, ಮೇಲಿನಿಂದ ಕೆಳಕ್ಕೆ ಬಂದವರ ನಷ್ಟ ಸರಿಸಮವೇ ಎಂದು ಗೆರೆ ಎಳೆದು ನೋಡುವುದು. ನನ್ನ ಕಡತದಲ್ಲಿ ಸಮವಾಗಲೇಬೇಕು, ನಾನೇ ಹಾಗೆ ಹುಟ್ಟಿಸಿದ್ದು. ಅಸಲಿ ಕಡತದಲ್ಲಿ ಮಾತ್ರ ಇದು ನಿಜವಾದ ಪರೀಕ್ಷೆ.

ಪಿಎಫ್ ಕಡತ ಬಂದರೆ

ನಮ್ಮಲ್ಲಿ ಇದಕ್ಕೆ ಕಚ್ಚಾ ಸಾಮಗ್ರಿ ಇಲ್ಲವೆಂದೇನಿಲ್ಲ. ಬೆಂಗಳೂರಿನ ಯಾವ ಕಂಪನಿಯ ಎಚ್‌ಆರ್ ವಿಭಾಗದವರನ್ನು ಕೇಳಿದರೂ ಪಿಎಫ್ ಕಚೇರಿಗೆ ಪ್ರತಿ ತಿಂಗಳು ಸಲ್ಲಿಸುವ ಇಸಿಆರ್ ಕಡತದ ಬಗ್ಗೆ ನಿಟ್ಟುಸಿರು ಬಿಟ್ಟು ಹೇಳುತ್ತಾರೆ. ಎಷ್ಟೋ ವರ್ಷ ಅದು ಕಾಲಂಗಳ ನಡುವೆ ಹ್ಯಾಶ್, ಟಿಲ್ಡೆ, ಹ್ಯಾಶ್ ಹಾಕಿದ ಬರೀ ಪಠ್ಯದ ಕಡತ. ಒಂದು ಸಾಲು ಬಿಡಿಸಿದರೆ: 12 ಅಂಕಿಯ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ), ಹೆಸರು, ಒಟ್ಟು ವೇತನ 18,500, ಪಿಎಫ್ ವೇತನ 15,000, ಪಿಂಚಣಿ ವೇತನ 15,000, ವಿಮೆ ವೇತನ 15,000, ನೌಕರರ ವಂತಿಗೆ 1,800, ಪಿಂಚಣಿಗೆ 1,250, ವ್ಯತ್ಯಾಸ 550, ಸಂಬಳವಿಲ್ಲದ ದಿನ 2. ಅಮೆರಿಕದ ಸಾಲಿಗಿಂತ ಎಷ್ಟೋ ಶ್ರೀಮಂತ! ತಿಂಗಳ ಲೆಕ್ಕ, ಮೇಲೆ ಗೈರಿನ ದಿನಗಳೂ ಇವೆ. ಅರ್ಧ ತ್ರೈಮಾಸಿಕದ ಕಾಟ ಹೆಚ್ಚುಕಡಿಮೆ ತೀರುತ್ತದೆ.

ನನ್ನ ಯಂತ್ರದಲ್ಲಿ ಬದಲಿಸಬೇಕಾದ್ದು ಬೇರೆ ಕಡೆ. ಪಿಎಫ್ ವೇತನದ ಕಾಲಂ ಎತ್ತಿಕೊಂಡರೆ 2014ರಿಂದ ಇರುವ 15,000 ರೂಪಾಯಿಯ ಮಿತಿಗೆ ಜನ ಸಾಲಾಗಿ ಬಡಿದು ನಿಲ್ಲುತ್ತಾರೆ. ಜರ್ಮನಿಯಲ್ಲೂ ಪಿಂಚಣಿ ವಂತಿಗೆಗೆ ಮಿತಿ ಇದೆ, 2024ರಲ್ಲಿ ಪಶ್ಚಿಮ ಭಾಗಕ್ಕೆ ತಿಂಗಳಿಗೆ 7,550 ಯೂರೊ. ಅಲ್ಲಿ ಮೇಲಿನ ಸಂಬಳದವರು ಮಾತ್ರ ಮಿತಿಗೆ ಸಿಗುವುದರಿಂದ ಅಂದಾಜಿನಿಂದ ತುಂಬುತ್ತಾರೆ. 15,000ಕ್ಕೆ ಆ ಉಪಾಯ ನಡೆಯದು, ಒಟ್ಟು ವೇತನದ ಕಾಲಮ್ಮೇ ಬೇಕು. 20 ಜನಕ್ಕಿಂತ ಕಡಿಮೆ ಇರುವ ಸಂಸ್ಥೆಗೆ ಕಾನೂನಿನ ಕಡ್ಡಾಯವಿಲ್ಲ, ಹಾಗಾಗಿ ಸಣ್ಣವು ಹೆಚ್ಚಾಗಿ ಕಡತಕ್ಕೇ ಬರುವುದಿಲ್ಲ. ಹಳೆಯ ಯುಎಎನ್ ಹೇಳದೆ ಹೊಸ ಕಂಪನಿಯಲ್ಲಿ ಇನ್ನೊಂದು ಮಾಡಿಸಿಕೊಂಡವರು ಟೈಪಿಂಗ್ ತಪ್ಪಿಗಿಂತ ಕೆಟ್ಟವರು. ಕೆಲಸ ಬದಲಿಸಿದ ಜಾಗದಲ್ಲೇ ಗುರುತು ಕಡಿದುಹೋಗುತ್ತದೆ. ಅಂದರೆ ನಮಗೆ ಬೇಕಾದವರೇ ಮಾಯ, ಮತ್ತು ನನ್ನ ಹೊಲಿಗೆ ಅಲ್ಲಿ ನಡೆಯುವುದಿಲ್ಲ. ಹೆಸರು, ಹುಟ್ಟಿದ ದಿನ, ಆಧಾರ್ ಮೇಲೆ ಜೋಡಿಸಬೇಕು, ಅದು ಇಲಾಖೆಯ ಒಳಗೆ ಮಾತ್ರ ಸಾಧ್ಯ. ಟೆಕ್ ಪಾರ್ಕಿನ ಕಾವಲುಗಾರನ ಪಿಎಫ್ ಗುತ್ತಿಗೆದಾರನ ಸಂಖ್ಯೆಯಲ್ಲಿರುತ್ತದೆ. ಅವನ ಸಂಬಳದಿಂದ ಅಳೆದ 'ಕಂಪನಿಯ ಪಾಲು' ಅವನು ದಿನವೂ ಬಾಗಿಲು ಕಾಯುವ ಕಂಪನಿಯದ್ದಲ್ಲ.

2018ರ ಏಪ್ರಿಲ್‌ನಿಂದ ಇಪಿಎಫ್‌ಒ ಪ್ರಕಟಿಸುತ್ತಿರುವುದು ವಯಸ್ಸಿನ ಗುಂಪುವಾರು ಒಟ್ಟು ಸೇರಿದವರ, ಬಿಟ್ಟವರ ಸಂಖ್ಯೆ. ಅದರಲ್ಲಿ ಒಬ್ಬ ವ್ಯಕ್ತಿಯ ಹಿಂದೆ ಹೋಗಲು ದಾರಿಯಿಲ್ಲ. ಸದ್ಯಕ್ಕೆ ಹುಟ್ಟಿಸುವ ಕೋಡಿನಲ್ಲಿ ತ್ರೈಮಾಸಿಕ ತೆಗೆದು ತಿಂಗಳು ಹಾಕಿದ್ದೇನೆ, ಗೈರುದಿನದ ಕಾಲಂ ಸೇರಿಸಿದ್ದೇನೆ. ಕೆಲಸ ಮಾಡಿಸುವ ಕಂಪನಿ, ಸಂಬಳ ಕೊಡುವ ಗುತ್ತಿಗೆದಾರ ಎಂದು ಎರಡು ಗುರುತು ಇಟ್ಟು, ಕಡತದಲ್ಲಿ ಎರಡನೆಯದನ್ನು ಮಾತ್ರ ತೋರಿಸಿದರೆ ಮೊದಲನೆಯದರ ಪಾಲು ಎಷ್ಟು ಕಳೆದುಹೋಗುತ್ತದೆ ಎಂಬುದು ಮುಂದಿನ ಆವೃತ್ತಿಯ ಕೆಲಸ.